ಹೆಣದ ವಾಸನೆಯ ಗುಳಿಗೆ

"ಮೂಗು ಮುಚ್ಚಿಕೊಳ್ಳಿ, ಇಲ್ಕಾ," ಎಂದರು ಡಾಕ್ಟರ್ ಏಮೋಕೆ. ನಾನು ಕೈ ಎತ್ತುವ ಮೊದಲೇ ಚಿಮಟದಿಂದ ಗುಳಿಗೆಯ ಟೋಪಿ ಎಳೆದುಬಿಟ್ಟರು.

ವಾಸನೆ ಮೇಜಿನಿಂದ ಎದ್ದು ಬಂದು ನೇರ ಗಂಟಲಿಗೆ ಇಳಿಯಿತು.

ಪೊಲೀಸ್ ಕೆಲಸದಲ್ಲಿ ತಲೆ ನರೆತವಳಿಗೆ ಈ ವಾಸನೆ ಹೊಸದಲ್ಲ. ಬೇಸಿಗೆಯಲ್ಲಿ ಮುಚ್ಚಿದ ಮನೆ, ಒಳಗೆ ಯಾರಿಗೂ ಬೇಡವಾಗಿ ಸತ್ತುಬಿದ್ದ ಮುದುಕ, ಬಾಗಿಲು ಒಡೆದಾಗ ಮುಖಕ್ಕೆ ಹೊಡೆಯುವ ಗಾಳಿ. ಆದರೆ ಅದೇ ಗಾಳಿಯನ್ನು ಅಂದವಾದ ಹಸಿರು ಕ್ಯಾಪ್ಸೂಲಿನಲ್ಲಿ ತುಂಬಿ, ಊಟವಾದ ಮೇಲೆ ನೀರಿನ ಜೊತೆ ನುಂಗಿ ಎಂದು ಹೆಂಗಸರಿಗೆ ಮಾರಿದ್ದನ್ನು ನಾನು ಕಂಡದ್ದು ಇದೇ ಮೊದಲು.

ನನ್ನ ಸಾರ್ಜೆಂಟ್ ಬೊದೋ ಕಿಟಕಿಯ ಹತ್ತಿರ ಹೋಗಿ ನಿಂತ. ಅದು ತೆರೆಯುವ ಕಿಟಕಿಯಲ್ಲ ಎಂದು ಗೊತ್ತಾದ ಮೇಲೂ ಅಲ್ಲೇ ನಿಂತಿದ್ದ.

ಗುಳಿಗೆ ಪಿರೋಷ್ಕಾಳದ್ದು. ನಮ್ಮ ಡೆಬ್ರೆತ್ಸೆನ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಾಕೆ. ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು, ತೆಗೆಯಬಹುದಾದಷ್ಟು ಸಣ್ಣದು. ಆಪರೇಷನ್ನಿಗೆ ಮೊದಲು ಕೊಡುವ ಕೀಮೋ ಅರ್ಧಕ್ಕೆ ಬಿಟ್ಟು ಈ ಗುಳಿಗೆ ಹಿಡಿದಳು. ಹೋದ ವಾರ ರಕ್ತಕ್ಕೆ ನಂಜೇರಿ ಸತ್ತಳು. ಅವಳ ಗಂಡ ವೆನ್ದೆಲ್, ಟ್ರಾಮ್ ಓಡಿಸುವವನು, ಉಳಿದ ಗುಳಿಗೆಗಳ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, ಮನೆಯಲ್ಲಿ ಈಗ ನಾನೊಬ್ಬನೇ ಎಂದು ಮಗುವಿನಂತೆ ಅತ್ತಿದ್ದ.

"ಈ ವಾಸನೆ ಹೆಸರು ಕೆಡಾವರಿನ್," ಎಂದರು ಏಮೋಕೆ. ಮೋಟಾಗಿ ಕತ್ತರಿಸಿದ ಬಿಳಿ ಕೂದಲಿನ ಹೆಂಗಸು, ಏನು ಹೇಳಿದರೂ ಬೈದಂತೆ ಕೇಳುವ ದನಿ. ಕರುಳಿನ ಬ್ಯಾಕ್ಟೀರಿಯಾಗಳ ಜೊತೆ ಅರ್ಧ ಆಯುಸ್ಸು ಕಳೆದವರು. "ಹೆಣ ಕೊಳೆಯುವಾಗ ಹುಟ್ಟುತ್ತೆ. ನಿಮ್ಮ ಹೊಟ್ಟೆಯಲ್ಲೂ ಚೂರುಪಾರು ಇದೆ, ನನ್ನ ಹೊಟ್ಟೆಯಲ್ಲೂ ಇದೆ. ನಾವು ತಿಂದಿದ್ದನ್ನ ಕರುಳಲ್ಲಿರೋ ಬ್ಯಾಕ್ಟೀರಿಯಾ ತಿಂತಾವೆ, ತಿಂದು ಇಂಥ ನೂರಾರು ಪದಾರ್ಥ ಹೊರಗೆ ಹಾಕ್ತಾವೆ. ಅವು ರಕ್ತ ಸೇರಿ ಮೈಯೆಲ್ಲ ತಿರುಗ್ತಾವೆ."

"ಇದರಿಂದ ಕ್ಯಾನ್ಸರ್ ವಾಸಿಯಾಗುತ್ತಾ?" ಬೊದೋ ಕಿಟಕಿಯ ಕಡೆ ಮುಖಮಾಡಿಯೇ ಕೇಳಿದ.

"ಗಾಜಿನ ತಟ್ಟೆಯಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶ ಇಟ್ಟು ಇದನ್ನ ಚೂರೇ ಚೂರು ಹಾಕಿದ್ರೆ, ಕೆಲವು ಬಗೆಯವು ಹರಡೋದು ನಿಧಾನ ಆಗುತ್ತೆ. ಇಲಿಗಳಲ್ಲೂ ಆಸೆ ಹುಟ್ಟಿಸೋ ಹಾಗಿದೆ. ಅಷ್ಟೇ. ಹೆಂಗಸರಿಗೆ ನಾವು ಕೊಟ್ಟಿಲ್ಲ. ಕೊಡೋ ಕಾಲ ಬರುತ್ತೋ ಇಲ್ಲವೋ, ನಾನು ಬದುಕಿರ್ತೀನೋ ಇಲ್ಲವೋ." ಅವರು ಗುಳಿಗೆಯನ್ನು ಗಾಜಿನ ಮುಚ್ಚಳದಡಿ ಹಾಕಿದರು. "ಇದನ್ನೇ ಹೋದ ಚಳಿಗಾಲ ಊರಿನವರಿಗೆ ಅಂತ ಒಂದು ಭಾಷಣದಲ್ಲಿ ಹೇಳಿದ್ದೆ. ಮುಂದಿನ ಸಾಲಲ್ಲಿ ಒಬ್ಬ ಒಳ್ಳೆ ಸೂಟು ಹಾಕ್ಕೊಂಡು ಕೂತಿದ್ದ. ಮಾತುಮಾತಿಗೂ ತಲೆ ಆಡಿಸ್ತಿದ್ದ. ಇಂಥ ಕೇಳುಗ ಸಿಗಲ್ಲ ಅಂತ ನಾನೂ ಅವನ ಕಡೆಗೇ ನೋಡ್ಕೊಂಡು ಮಾತಾಡಿದೆ. ಎರಡು ತಿಂಗಳಲ್ಲಿ ನನ್ನ ಮಾತೆಲ್ಲ ಅವನ ಗುಳಿಗೆ ಜಾಹೀರಾತಿನಲ್ಲಿತ್ತು."

"ಹೆದೆರ್ವಾರಿ ಲೋರಾಂಟ್," ಎಂದೆ.

"ಆ ಹೆಸರು ಇಲ್ಲಿ ಹೇಳಬೇಡಿ. ಇದಕ್ಕಿಂತ ಕೆಟ್ಟ ವಾಸನೆ ಅದು."

ಆಮೇಲೆ ಅವರು ಎರಡು ಗಾಜಿನ ತಟ್ಟೆಗಳನ್ನು ತಂದು ನನ್ನ ಮುಂದೆ ಇಟ್ಟರು. ಎರಡರಲ್ಲೂ ಮಂದವಾದ, ಹೊಳೆಯುವ, ಸಿಂಬಳದಂಥ ಹನಿಗಳು ಬೆಳೆದಿದ್ದವು. ಏಮೋಕೆ ಸಣ್ಣ ಕಡ್ಡಿಯಿಂದ ಒಂದನ್ನು ಮುಟ್ಟಿ ಮೇಲಕ್ಕೆ ಎಳೆದರು. ಅದು ದಾರದಂತೆ ಉದ್ದಕ್ಕೆ ಬಂತು.

"ಸಾಕು," ಎಂದೆ.

"ನೋಡ್ಕೊಳ್ಳಿ. ಈ ತಟ್ಟೆಯದು ಆಕೆಯ ರಕ್ತದಿಂದ ಬೆಳೆದದ್ದು. ಆ ತಟ್ಟೆಯದು ಆ ಡಬ್ಬಿಯ ಗುಳಿಗೆಯಿಂದ. ಎರಡೂ ಒಂದೇ. ಆಕೆಯನ್ನ ಕೊಂದಿದ್ದು ವಾಸನೆ ಅಲ್ಲ, ಇದು."

"ಗುಳಿಗೆಯೊಳಗೆ ಹೇಗೆ ಬಂತು?"

"ಮಲದಿಂದ. ಮನುಷ್ಯರ ಮಲ. ಒಣಗಿಸಿ, ಪುಡಿ ಮಾಡಿ, ತುಂಬಿದ್ದಾರೆ."

ಬೊದೋ ಹೊರಗೆ ಹೋದ. ಅವನ ಹೆಜ್ಜೆ ಕಾರಿಡಾರಿನಲ್ಲಿ ಬೇಗಬೇಗ ದೂರವಾಯಿತು.

"ಅದೂ ಗಟ್ಟಿಮುಟ್ಟಾದವರದ್ದಲ್ಲ," ಏಮೋಕೆ ನಿಲ್ಲಿಸಲಿಲ್ಲ. "ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಔಷಧಿ ಮೇಲೆ ಔಷಧಿ ತಿಂದವರ ಹೊಟ್ಟೆಯಲ್ಲಿ ಇಂಥ ಹಟಮಾರಿ ಬೆಳೆಯುತ್ತೆ. ಯಾವ ಔಷಧಿಗೂ ಬಗ್ಗಲ್ಲ. ನೀವು ನುಂಗಿದ್ರೆ ಬಹುಶಃ ಏನೂ ಆಗಲ್ಲ. ಕೀಮೋದಿಂದ ಬಿಳಿ ರಕ್ತಕಣ ತಳ ಕಂಡಿದ್ದ ಹೆಂಗಸಿಗೆ ಅದು ವಿಷ. ಯಾರೋ ಒಬ್ಬ ರೋಗಿಯದ್ದು ಇದು, ಇಲ್ಕಾ. ಒಬ್ಬರದ್ದೇ. ಅವರನ್ನ ಹುಡುಕಿ."

"ಪಿರೋಷ್ಕಾಳನ್ನ ನೀವು ಯಾವತ್ತಾದ್ರೂ ನೋಡಿದ್ರಾ?"

"ಇಲ್ಲ," ಎಂದರು ಏಮೋಕೆ, ತಟ್ಟೆಗಳ ಮುಚ್ಚಳ ಹಾಕುತ್ತಾ.

* * *

ಲೋರಾಂಟನಿದ್ದ ಬಿಸಿನೀರಿನ ಊರು ಹಾಯ್ದುಸೊಬೊಸ್ಲೊಗೆ ಕಾರಿನಲ್ಲಿ ಹೊರಟಾಗ ಬೊದೋನ ಬಣ್ಣ ಮರಳಿ ಬಂದಿತ್ತು. ದಾರಿಯ ಅಂಗಡಿಯಲ್ಲಿ ಕರಿದ ಲಾಂಗೋಶ್ ರೊಟ್ಟಿ ಕೊಂಡು, ಅದರ ಮೇಲೆ ಬೆಳ್ಳುಳ್ಳಿ ನೀರು, ಹುಳಿ ಕೆನೆ ಸುರಿಸಿಕೊಂಡು ಬಂದ.

"ಹೊಟ್ಟೆ ಖಾಲಿಯಾಯ್ತಲ್ಲ ಮೇಡಂ, ತುಂಬಬೇಕಲ್ಲ," ಎಂದ.

"ತಿನ್ನು. ಬಾಯಿ ಮುಚ್ಚಿಕೊಂಡು ತಿನ್ನು."

ಲೋರಾಂಟನ ವಸತಿಗೃಹದ ಹೆಸರು 'ಬೆಳ್ಳಿ ಜೊಂಡು'. ಬಾಗಿಲಲ್ಲೇ ದೊಡ್ಡ ಫೋಟೋಗಳು: ಹೊರ್ತೊಬಾಜ್ ಬಯಲಿನ ಕುರುಬರು, ಕೆಂಪು ಕೆನ್ನೆ, ಗಿರಿಜಾ ಮೀಸೆ, ಕೈಯಲ್ಲಿ ಹುಳಿ ಹಾಲಿನ ಮಡಕೆ. ಕೆಳಗೆ ಚಿನ್ನದ ಅಕ್ಷರ: ಅವರ ಕರುಳಿನ ಬ್ಯಾಕ್ಟೀರಿಯಾ, ನಿಮ್ಮ ಎದೆಗೆ ಕಾವಲು.

ಹಿಂದಿನ ಅಂಗಳದಲ್ಲಿ ಬಿಸಿನೀರಿನ ಕೊಳ. ನೆಲದಿಂದ ಏಳುವ ಇಲ್ಲಿಯ ನೀರು ಕಂದು ಬಣ್ಣದ್ದು, ಸೀಮೆಎಣ್ಣೆ ಬೆರೆತ ಔಷಧಿಯ ವಾಸನೆಯದು. ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಏಳೆಂಟು ಹೆಂಗಸರು ಕುಳಿತಿದ್ದರು. ತಲೆಗೆ ವಸ್ತ್ರ ಸುತ್ತಿದವರು, ಹುಬ್ಬು ಉದುರಿದವರು. ಒಬ್ಬಳ ಹೆಗಲ ಕೆಳಗೆ ಆಪರೇಷನ್ನಿನ ಗೆರೆ ನೀರಿನಿಂದ ಮೇಲೆ ಬಂದು ಮತ್ತೆ ಮುಳುಗುತ್ತಿತ್ತು.

ಕೊಳದಂಚಿನಲ್ಲಿ ಕೂತಿದ್ದಾಕೆ ನನ್ನನ್ನು ಹೊಸ ರೋಗಿ ಎಂದುಕೊಂಡಳು. ಪಕ್ಕ ಸರಿದು ಜಾಗ ಕೊಟ್ಟಳು.

"ಗುಳಿಗೆಗೆ ಮೊದಮೊದಲು ವಾಂತಿ ಬರುತ್ತೆ ಅಕ್ಕಾ. ಆಮೇಲೆ ಅಭ್ಯಾಸ ಆಗುತ್ತೆ. ವಾಸನೆ ಜಾಸ್ತಿ ಇದ್ದಷ್ಟೂ ಒಳ್ಳೇದು. ಗಡ್ಡೆ ಒಳಗೇ ಕೊಳೀತಿದೆ ಅಂತ ಅರ್ಥ."

"ಯಾರು ಹೇಳಿದ್ರು?"

"ಲೋರಾಂಟ್ ಡಾಕ್ಟರು."

"ಅವರು ಡಾಕ್ಟರಲ್ಲ."

ಆಕೆ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ ಅದರಲ್ಲಿ. ಕನಿಕರ ಇತ್ತು. ಇವಳಿಗೆ ಇನ್ನೂ ಗಡ್ಡೆಯ ಭಯ ಗೊತ್ತಿಲ್ಲ ಎನ್ನುವ ಕನಿಕರ.

"ಆಪರೇಷನ್ ಯಾವಾಗ ನಿಮ್ಮದು?" ಎಂದೆ.

"ಇತ್ತು, ಈಸ್ಟರ್ ಆದ ಮೇಲೆ. ಹೋಗಲಿಲ್ಲ. ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ."

ನಾನು ಎದ್ದು ಒಳಗೆ ಹೋದೆ. ಇನ್ನೊಂದು ಮಾತು ಕೇಳಿದ್ದರೆ ಆ ಕುರುಬರ ಫೋಟೋಗಳನ್ನು ಒಡೆದುಹಾಕುತ್ತಿದ್ದೆ.

* * *

ಲೋರಾಂಟ್ ಊಟಕ್ಕೆ ಕೂತಿದ್ದ. ಬಿಳಿ ಮೇಜುಬಟ್ಟೆ, ಅದರ ಮೇಲೆ ಕೆಂಪು ಮೆಣಸಿನ ಎಣ್ಣೆ ತೇಲುವ ಬೋಟಿ ಗೊಜ್ಜು. ಹಸುವಿನ ಕರುಳಿನ ತುಂಡುಗಳು ತಟ್ಟೆಯಲ್ಲಿ ಸುರುಳಿ ಸುತ್ತಿ ಕೂತಿದ್ದವು. ನನ್ನನ್ನು ಕಂಡೊಡನೆ ಎದ್ದ. ಐವತ್ತರ ಆಸುಪಾಸು, ಹಿಂದಕ್ಕೆ ಬಾಚಿದ ಕೂದಲು, ಬೂದು ಸೂಟು.

"ಕೈಗೆ ಮುತ್ತಿಡ್ತೀನಿ, ಮೇಡಂ," ಎಂದ. ನಮ್ಮಲ್ಲಿ ಎಲ್ಲ ಗಂಡಸರೂ ಬಾಯಲ್ಲಿ ಹಾಗೆ ಹೇಳಿ ಸುಮ್ಮನಾಗುತ್ತಾರೆ. ಈತ ನಿಜವಾಗಿ ಕೈ ಹಿಡಿದು ಮುತ್ತಿಟ್ಟ. ಅವನ ತುಟಿಯ ಎಣ್ಣೆ ನನ್ನ ಬೆರಳ ಮೇಲೆ ಉಳಿಯಿತು. ನಾನು ಅದನ್ನು ಅವನ ಮೇಜುಬಟ್ಟೆಗೇ ಒರೆಸಿದೆ.

"ಕೂತ್ಕೊಳ್ಳಿ. ಒಂದು ತಟ್ಟೆ ತರಿಸ್ಲಾ? ನಮ್ಮ ಅಡಿಗೆಯವಳು ಬೋಟಿನ ಏಳು ನೀರಲ್ಲಿ ತೊಳೀತಾಳೆ."

"ನಿಮ್ಮ ಗುಳಿಗೆಗೆ ಹಾಕೋ ಸರಕನ್ನ ಎಷ್ಟು ನೀರಲ್ಲಿ ತೊಳೀತೀರಿ?"

ಅವನು ಮುಗುಳ್ನಕ್ಕ. ಚಮಚ ಕೆಳಗಿಟ್ಟ. "ಪಿರೋಷ್ಕಾ ಟೀಚರ್ ವಿಷಯಕ್ಕೆ ಬಂದಿದ್ದೀರಿ. ನನಗೂ ಊಟ ಸೇರ್ತಿಲ್ಲ ಮೇಡಂ, ಆ ಸುದ್ದಿ ಕೇಳಿದಾಗಿನಿಂದ."

ತಟ್ಟೆ ಅರ್ಧ ಖಾಲಿಯಾಗಿತ್ತು.

"ಯಾರ ಮಲ ಅದು?" ಎಂದೆ.

"ಏನಂದ್ರಿ?"

"ಗುಳಿಗೆಯಲ್ಲಿ. ಬಾಗಿಲಲ್ಲಿ ಕುರುಬರ ಫೋಟೋ ಹಾಕಿದ್ದೀರಿ. ಒಳಗೆ ತುಂಬಿದ್ದು ಯಾವುದೋ ಹಾಸಿಗೆ ಹಿಡಿದ ರೋಗಿಯದ್ದು. ಯಾರು ಆ ರೋಗಿ? ಮೇಲಿನ ಮಹಡಿಯಲ್ಲಿ ಇಟ್ಟುಕೊಂಡಿದ್ದೀರಾ?"

ಅವನ ಮುಖದಲ್ಲಿ ನಾನು ಭಯಕ್ಕಾಗಿ ಕಾದೆ. ಬಂದದ್ದು ಬೇರೆ. ಅವನು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡ.

"ಮಲ? ಅಯ್ಯೋ ದೇವರೇ. ನಾನು ಅಂಥದ್ದನ್ನ ಮುಟ್ತೀನಾ? ಒಂದು ಹನಿ ರಕ್ತ ಕಂಡ್ರೆ ನನಗೆ ತಲೆ ಸುತ್ತುತ್ತೆ."

"ಹಾಗಾದ್ರೆ ಏನಿದೆ ಒಳಗೆ?"

"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತಾ?"

"ಇಲ್ಲ."

ಅವನು ಬೊದೋನನ್ನು ನೋಡಿದ, ನನ್ನನ್ನು ನೋಡಿದ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಂತಿತ್ತು. ಮೋಸಗಾರ ಎನಿಸಿಕೊಳ್ಳುವುದೋ, ಕೊಲೆಗಾರ ಎನಿಸಿಕೊಳ್ಳುವುದೋ. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಲೂಗಡ್ಡೆ ಹಿಟ್ಟು," ಎಂದ. "ಅದಕ್ಕೆ ಒಂದು ಹನಿ ವಾಸನೆ. ರಾಸಾಯನಿಕ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತೆ, ಕೆಡಾವರಿನ್. ಆ ಡಾಕ್ಟರಮ್ಮನ ಭಾಷಣದಲ್ಲಿ ಕೇಳಿದ್ದು. ಬ್ಯಾಕ್ಟೀರಿಯಾನೂ ಇಲ್ಲ, ಮಣ್ಣೂ ಇಲ್ಲ."

"ವಾಸನೆ ಯಾಕೆ?"

"ಮೊದಲು ಹಾಕ್ತಿರಲಿಲ್ಲ. ಪುದೀನ ವಾಸನೆ ಹಾಕಿ ಕೊಟ್ಟಿದ್ದೆ. ಯಾರೂ ಎರಡನೇ ಡಬ್ಬಿ ಕೇಳಲಿಲ್ಲ. ವಾಕರಿಕೆ ತರಿಸದ ಔಷಧಿನ ರೋಗಿಗಳು ನಂಬಲ್ಲ ಮೇಡಂ. ಕೀಮೋ ಅವರಿಗೆ ಅದನ್ನ ಕಲಿಸಿದೆ. ಕಷ್ಟ ಕೊಟ್ಟರೆ ಮಾತ್ರ ಗುಣ ಆಗ್ತಿದೆ ಅನ್ಸುತ್ತೆ. ನಾನು ಕಷ್ಟ ಕೊಟ್ಟೆ, ಅಪಾಯ ಇಲ್ಲದ ಕಷ್ಟ."

ಈ ಮಾತನ್ನು ಅವನು ನಾಚಿಕೆಯಿಂದ ಹೇಳಲಿಲ್ಲ. ಒಳ್ಳೆಯ ಅಡಿಗೆಯ ಗುಟ್ಟು ಹೇಳುವವನಂತೆ ಹೇಳಿದ. ಹೊರಗೆ ಕೊಳದಲ್ಲಿ ಯಾರೋ ಕೆಮ್ಮುತ್ತಿದ್ದರು.

"ಅಪಾಯ ಇಲ್ಲ," ಎಂದೆ. "ಆಪರೇಷನ್ ಬಿಟ್ಟು ಇಲ್ಲಿ ಬಿದ್ದಿದ್ದಾರೆ. ಒಳಗೆ ಗಡ್ಡೆ ಬೆಳೀತಿದೆ."

"ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂದೆ, ಅಷ್ಟೇ."

ಅವನು ಎದ್ದು ಕಪಾಟಿನಿಂದ ಒಂದು ಹೊಸ ಡಬ್ಬಿ ತೆಗೆದ. ಸೀಲು ಹರಿದ. ಒಂದು ಹಸಿರು ಗುಳಿಗೆಯನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿ, ಹಲ್ಲಿನಲ್ಲಿ ಕಚ್ಚಿ ಒಡೆದು, ಬೋಟಿ ಗೊಜ್ಜಿನ ಒಂದು ಚಮಚದ ಜೊತೆ ಅಗಿದು ನುಂಗಿದ. ಹೆಣದ ವಾಸನೆಯೂ ಮೆಣಸಿನ ವಾಸನೆಯೂ ಬೆರೆತು ಮೇಜಿನ ಆಚೆಯಿಂದ ನನ್ನ ಕಡೆ ಬಂತು.

ನಾನು ಕರವಸ್ತ್ರ ಬಾಯಿಗೆ ಒತ್ತಿಕೊಂಡೆ. ಅವನು ತುಟಿ ಒರೆಸಿಕೊಂಡ.

"ನಂಬಿಕೆ ಬಂತಾ? ಬೇಕಾದ್ರೆ ಇಲ್ಲಿರೋದನ್ನೆಲ್ಲ ತಗೊಂಡು ಹೋಗಿ, ಪರೀಕ್ಷೆ ಮಾಡಿಸಿ. ಮೋಸ ಅಂತ ಬರ್ಕೊಳ್ಳಿ, ಜೈಲಿಗೆ ಹಾಕಿ. ಕೊಲೆ ನನ್ನ ತಲೆಗೆ ಕಟ್ಟಬೇಡಿ."

ಬೊದೋ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದ. ನಾನು ಬಾಗಿಲ ಹತ್ತಿರ ಹೋದಾಗ ಲೋರಾಂಟ್ ಹಿಂದಿನಿಂದ ಹೇಳಿದ:

"ಇನ್ನೊಂದು ವಿಷಯ ಮೇಡಂ. ಟೀಚರ್ ಕೊನೇ ಸಲ ಬಂದಾಗ ಗುಳಿಗೆ ಕೇಳಲಿಲ್ಲ. ಕೋಣೆ ಕೇಳಿದರು. ಇಲ್ಲೇ ಇದ್ದುಬಿಡ್ತೀನಿ, ಮನೆಗೆ ಹೋಗಲ್ಲ ಅಂದರು. ಕೋಣೆ ಖಾಲಿ ಇರಲಿಲ್ಲ, ಕಳಿಸಿಬಿಟ್ಟೆ."

"ಯಾಕೆ ಮನೆಗೆ ಹೋಗಲ್ಲ ಅಂದರು?"

"ಕೇಳಲಿಲ್ಲ. ಹೆಂಗಸರ ಮನೆ ವಿಷಯಕ್ಕೆ ನಾನು ಕೈಹಾಕಲ್ಲ," ಎಂದ, ಚಮಚ ಮತ್ತೆ ಎತ್ತಿಕೊಳ್ಳುತ್ತಾ.

ಅವನನ್ನು ಊಟದ ಮೇಜಿನಿಂದಲೇ ಎಬ್ಬಿಸಿ ಕಾರಿಗೆ ಹತ್ತಿಸಿದೆವು. ಕೊಳದ ಹೆಂಗಸರು ಟವೆಲ್ ಸುತ್ತಿಕೊಂಡು ಬಾಗಿಲವರೆಗೆ ಬಂದರು. ಒಬ್ಬಳು ಅತ್ತಳು. ನನಗೆ ಜಾಗ ಬಿಟ್ಟುಕೊಟ್ಟಿದ್ದಾಕೆ ನಮ್ಮ ಕಾರಿನ ಗಾಜಿಗೆ ಉಗುಳಿದಳು.

* * *

ಮರುದಿನ ಬೆಳಗ್ಗೆ ಏಮೋಕೆ ಫೋನ್ ಮಾಡಿದರು.

"ಆ ನೀಚ ನಿಜ ಹೇಳಿದ್ದಾನೆ," ಎಂದರು. ಅದನ್ನು ಹೇಳುವುದಕ್ಕೇ ಅವರಿಗೆ ಅಸಹ್ಯವಾಗುತ್ತಿತ್ತು. "ನೀವು ತಂದ ಡಬ್ಬಿಗಳಲ್ಲಿ ಹಿಟ್ಟು, ವಾಸನೆ. ಜೀವ ಇರೋದು ಒಂದೂ ಇಲ್ಲ. ಮಲ ಇರೋದು ಪಿರೋಷ್ಕಾ ಡಬ್ಬಿಯಲ್ಲಿ ಮಾತ್ರ."

"ಅಂದರೆ ಆಮೇಲೆ ತುಂಬಿದ್ದು."

"ಆಕೆಯ ಗುಳಿಗೆಗಳ ಟೋಪಿಯನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಂಚಿನಲ್ಲಿ ಉಗುರಿನ ಗೀರು ಇದೆ. ಯಾರೋ ಒಂದೊಂದನ್ನೇ ಬಿಚ್ಚಿ, ಹಿಟ್ಟು ಚೆಲ್ಲಿ, ಇದನ್ನ ತುಂಬಿ, ಮತ್ತೆ ಮುಚ್ಚಿದ್ದಾರೆ."

ನಾನು ಕುರ್ಚಿಗೆ ಒರಗಿದೆ. ಬೇರೆ ಯಾವ ಮಾತ್ರೆಗೆ ಮಲ ತುಂಬಿದ್ದರೂ ರೋಗಿ ಮೂಗಿಗೆ ತಂದ ಕೂಡಲೇ ಎಸೆಯುತ್ತಿದ್ದಳು. ಇದು ಮೊದಲೇ ನಾರುತ್ತಿತ್ತು. ನಾರಬೇಕು ಎಂದೇ ನಂಬಿದ್ದಳು. ಲೋರಾಂಟ್ ತನ್ನ ವ್ಯಾಪಾರಕ್ಕೆ ಹಾಕಿದ ವಾಸನೆಯ ಮರೆಯಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡಿ ಮುಗಿಸಿದ್ದರು.

ಮನೆಗೆ ಹೋಗಲ್ಲ ಅಂದಿದ್ದಳಂತೆ.

"ಬೊದೋ," ಎಂದೆ. "ಕಾರು ತೆಗಿ. ವೆನ್ದೆಲ್ ಮನೆಗೆ."

* * *

ಟ್ರಾಮ್ ದಾರಿಯ ಪಕ್ಕದ ಹಳೆಯ ಕಾಂಕ್ರೀಟ್ ಕಟ್ಟಡದಲ್ಲಿ ಮೂರನೇ ಮಹಡಿ. ವೆನ್ದೆಲ್ ಬಾಗಿಲು ತೆರೆದ. ಕೆಲಸದ ಅಂಗಿಯಲ್ಲೇ ಇದ್ದ, ದಪ್ಪ ಕತ್ತು, ಊದಿದ ಕಣ್ಣು. ಎದೆಯ ಮೇಲೆ ಸೂತಕದ ಕಪ್ಪು ಪಟ್ಟಿ ಚುಚ್ಚಿಕೊಂಡಿದ್ದ.

"ಬನ್ನಿ ಅಮ್ಮಾವ್ರೇ. ಮನೆ ಹೀಗೇ ಇದೆ, ಕ್ಷಮಿಸಿ. ಒಬ್ಬನೇ ಗಂಡಸು."

ಮನೆ ಅವನು ಹೇಳಿದಂತಿರಲಿಲ್ಲ, ಅಚ್ಚುಕಟ್ಟಾಗಿತ್ತು. ಅತಿಯಾಗಿ ತೊಳೆದ ಮನೆ. ಬ್ಲೀಚಿನ ವಾಸನೆಗೆ ಕಣ್ಣುರಿಯಿತು. ಅದರಡಿಯಲ್ಲಿ ಇನ್ನೇನೋ ವಾಸನೆ, ಸಿಹಿಸಿಹಿಯಾಗಿ, ಬಿಸಿಯಾಗಿ. ನನ್ನ ಮೂಗೇ ಕೆಟ್ಟಿರಬೇಕು ಎಂದುಕೊಂಡೆ. ಎರಡು ದಿನದಿಂದ ಎಲ್ಲಿ ಹೋದರೂ ಅದೇ ವಾಸನೆ.

ಅಡುಗೆಮನೆಯಲ್ಲಿ ಕೂತೆವು. ಲೋರಾಂಟನನ್ನು ಹಿಡಿದದ್ದನ್ನು ಹೇಳಿದೆ. ವೆನ್ದೆಲ್ ತಲೆ ತಗ್ಗಿಸಿ ಕೇಳಿದ.

"ಅವನ ಗುಳಿಗೆಯಲ್ಲಿ ಬರೀ ಹಿಟ್ಟು," ಎಂದೆ. "ವಿಷ ಹಾಕಿದ್ದು ಈ ಮನೆಯಲ್ಲಿ."

ಕಿಟಕಿಯಾಚೆ ಟ್ರಾಮೊಂದು ಕಿರುಗುಟ್ಟುತ್ತಾ ತಿರುವು ದಾಟಿತು.

"ಹಿಟ್ಟು ಅಂತ ಅವಳಿಗೂ ಗೊತ್ತಾಗಿತ್ತು," ಎಂದ ಕೊನೆಗೆ.

"ಯಾರು ಹೇಳಿದ್ರು?"

"ಆ ಡಾಕ್ಟರಮ್ಮ. ಬಿಳಿ ಮೋಟುಕೂದಲಿನೋರು. ಪಿರೋಷ್ಕಾ ಒಂದು ಗುಳಿಗೆ ತಗೊಂಡು ಅವರ ಹತ್ರ ಹೋಗಿದ್ಳು. ಅಳ್ತಾ ಬಂದ್ಳು. ಬರೀ ಹಿಟ್ಟಂತೆ ವೆನ್ದೆಲ್, ಇಷ್ಟು ದಿನ ಹಿಟ್ಟು ತಿಂದೆನಂತೆ, ಅಂತ. ಆದ್ರೂ ನುಂಗೋದು ಬಿಡಲಿಲ್ಲ."

ನಾನು ಅಲ್ಲಿಯೇ ಫೋನ್ ತೆಗೆದು ಏಮೋಕೆಗೆ ಮಾಡಿದೆ. ಪಿರೋಷ್ಕಾ ನಿಮ್ಮ ಹತ್ತಿರ ಬಂದಿದ್ದಳಾ ಎಂದು ಕೇಳಿದೆ. ಈ ಸಲ ಅವರ ದನಿಯಲ್ಲಿ ಬೈಗುಳದ ಗತ್ತು ಇರಲಿಲ್ಲ.

"ಬಂದಿದ್ದಳು," ಎಂದರು. "ನೋಡಿಲ್ಲ ಅಂತ ನಿಮಗೆ ಸುಳ್ಳು ಹೇಳಿದೆ. ಹಿಟ್ಟು ಅಂತ ಹೇಳಿದ್ದೆ, ಆಸ್ಪತ್ರೆಗೆ ಹೋಗು ಅಂತ ಬೈದಿದ್ದೆ. ಅವಳು ಕಾಲಿಗೆ ಬಿದ್ದಳು, ಇಲ್ಕಾ. ಇಲಿಗೆ ಕೊಡ್ತೀರಲ್ಲ, ಅಸಲಿ ಬ್ಯಾಕ್ಟೀರಿಯಾ, ಅದನ್ನ ನನಗೂ ಕೊಡಿ ಅಂತ. ಬಾಗಿಲು ತೋರಿಸಿದೆ. ಆಮೇಲೆ ಅವಳು ಸತ್ತ ಸುದ್ದಿ ಬಂತು. ನಿಮ್ಮ ಮುಂದೆ ಬಾಯಿ ಬರಲಿಲ್ಲ."

"ಬೇರೆ ಏನಾದ್ರೂ ಮುಚ್ಚಿಟ್ಟಿದ್ದೀರಾ?"

"ಇಲ್ಲ. ನಾನೇ ಈಗ ನಿಮಗೆ ಫೋನ್ ಮಾಡೋದ್ರಲ್ಲಿದ್ದೆ. ಆ ಹಟಮಾರಿ ಯಾರದು ಅಂತ ಗೊತ್ತಾಯ್ತು. ದೊಡ್ಡಾಸ್ಪತ್ರೆಯಲ್ಲಿ ಇದೇ ಬ್ಯಾಕ್ಟೀರಿಯಾನ ಒಬ್ಬ ಮುದುಕಿ ಮೈಯಿಂದ ತೆಗೆದು ಇಟ್ಟಿದ್ದಾರೆ. ಎರಡೂ ಒಂದೇ, ಅನುಮಾನ ಇಲ್ಲ. ಚಳಿಗಾಲವೆಲ್ಲ ಅಲ್ಲೇ ಮಲಗಿದ್ದಳಂತೆ. ಆಮೇಲೆ ಮಗನ ಮನೆಗೆ ಕಳಿಸಿದ್ದಾರೆ. ವೆನ್ದೆಲ್ ಅಂತೆ ಮಗನ ಹೆಸರು."

ನಾನು ಫೋನ್ ಇಟ್ಟೆ. ವೆನ್ದೆಲ್ ನನ್ನ ಮುಖವನ್ನೇ ನೋಡುತ್ತಿದ್ದ.

"ನಿಮ್ಮ ತಾಯಿ ಎಲ್ಲಿದ್ದಾರೆ?" ಎಂದೆ.

"ಅಮ್ಮಾವ್ರೇ..."

"ಸ್ಟೇಷನ್ನಿಗೆ ಬಂದಾಗ, ಮನೆಯಲ್ಲಿ ಈಗ ನಾನೊಬ್ಬನೇ ಅಂದಿದ್ರಿ. ಈಗಲೂ ಅದೇ ಅಂದ್ರಿ. ನಿಮ್ಮ ತಾಯಿ ಎಲ್ಲಿದ್ದಾರೆ?"

ಉತ್ತರಿಸುವ ಮೊದಲೇ ಅವನ ಕಣ್ಣು ಹಜಾರದ ಕೊನೆಯ ಬಾಗಿಲ ಕಡೆ ಹೋಯಿತು. ಮುಚ್ಚಿದ ಬಾಗಿಲು. ಅದರ ಕೆಳಗಿನ ಸಂದಿಗೆ ಒದ್ದೆ ಟವೆಲ್ ಸುರುಳಿ ಮಾಡಿ ಒತ್ತಿಟ್ಟಿದ್ದರು. ಆ ಸಿಹಿ ವಾಸನೆ ಬರುತ್ತಿದ್ದುದು ಅಲ್ಲಿಂದ.

ಬೊದೋ ಎದ್ದು ನಿಂತ. ನಾನು ನಡೆದು ಹೋಗಿ ಟವೆಲನ್ನು ಕಾಲಿನಿಂದ ಸರಿಸಿ ಬಾಗಿಲು ತೆರೆದೆ.

ಪರದೆ ಎಳೆದ ಕೋಣೆ. ಹಾಸಿಗೆಯಲ್ಲಿ ದಿಂಬುಗಳ ನಡುವೆ ಒಂದು ಪುಟ್ಟ ಮುಖ, ಬಾಯಲ್ಲಿ ಹಲ್ಲಿಲ್ಲ, ಕಣ್ಣಿಗೆ ಹಾಲಿನಂಥ ಪೊರೆ. ಮಂಚದ ಕೆಳಗೆ ಎನಾಮಲ್ ಪಾತ್ರೆ, ಮೇಲೆ ಒಂದು ತಟ್ಟೆ ಮುಚ್ಚಿತ್ತು. ನಾನು ಉಸಿರು ಬಿಗಿಹಿಡಿದೆ. ಹಿಂದಿನಿಂದ ವೆನ್ದೆಲ್ ಬಂದು ಬಾಗಿಲಿಗೆ ಒರಗಿ ನಿಂತ.

ಮುದುಕಿ ಹೆಜ್ಜೆಯ ಸದ್ದಿಗೆ ತಲೆ ಹೊರಳಿಸಿದಳು.

"ಪಿರೋಷ್ಕಾ, ಬಂದ್ಯಾ ಮಗಳೇ?" ಎಂದಳು. ದನಿ ಸಣ್ಣದು, ಆದರೆ ಒಂದೊಂದು ಮಾತೂ ಸ್ಪಷ್ಟ. "ಪಾತ್ರೆ ತುಂಬಿದೆ. ಚೆಲ್ಲಿಬಿಡಬೇಡ ತಾಯಿ. ನಿನ್ನ ಗುಳಿಗೆಗೆ ಬೇಕು ಅಂತಿದ್ದೆಯಲ್ಲ."

ಬೊದೋ ಕೆಮ್ಮಿ ಬಾಯಿಗೆ ಕೈ ಅಡ್ಡ ಹಿಡಿದ.

ಹಾಗಾದರೆ ತುಂಬಿದ್ದು ಪಿರೋಷ್ಕಾಳೇ. ಹಿಟ್ಟು ಎಂದು ಗೊತ್ತಾದ ಮೇಲೆ, ಅಸಲಿ ಬ್ಯಾಕ್ಟೀರಿಯಾ ಕೊಡುವವರು ಯಾರೂ ಸಿಗದೆ, ಮನೆಯಲ್ಲಿ ದಿನವೂ ತಾನೇ ಎತ್ತಿ ಹಾಕುತ್ತಿದ್ದ ಪಾತ್ರೆಯಿಂದ. ಆ ಸಣ್ಣ ಹಾಡಿನ ಟೀಚರ್ ಉಗುರಿನಿಂದ ಒಂದೊಂದೇ ಟೋಪಿ ಬಿಚ್ಚಿದ್ದು ಕಣ್ಣಿಗೆ ಕಟ್ಟಿತು. ಗೋಡೆ ಹಿಡಿದುಕೊಂಡೆ.

ಹೇಳಬೇಕಾದ ಸಮಾಧಾನದ ಮಾತು ಹುಡುಕುತ್ತಾ ವೆನ್ದೆಲ್ ಕಡೆ ತಿರುಗಿದೆ.

ಅವನು ನನ್ನನ್ನು ನೋಡುತ್ತಿರಲಿಲ್ಲ. ತಾಯಿಯನ್ನು ನೋಡುತ್ತಿದ್ದ. ತುಟಿ ಸದ್ದಿಲ್ಲದೆ ಆಡುತ್ತಿತ್ತು, ಪಾಠ ಒಪ್ಪಿಸುವ ಮಗುವಿನ ಮುಂದೆ ಮೇಷ್ಟರ ತುಟಿ ಆಡುವಂತೆ.

ಮುದುಕಿ ದಿಂಬಿನಿಂದ ತಲೆ ಎತ್ತಿ ಕೇಳಿದಳು:

"ಸರಿಯಾಗಿ ಹೇಳಿದೆನಾ, ವೆನ್ದೆಲ್?"